ಕಸದ ಪಾಠ ನಡೆಯಬೇಕಾದ್ದು ಮನೆಬಾಗಿಲಲ್ಲಿ

ಹಾಲಿನ ಪ್ಯಾಕೆಟ್ಟಿನ ಮೂಲೆ ಎಲ್ಲಿಗೆ ಹೋಗುತ್ತದೆ? ಬೆಳಗಿನ ಕಾಫಿಗೆ ಹಾಲು ಕಾಯಿಸುವವರು ಕತ್ತರಿ ಹಿಡಿದು ಪ್ಯಾಕೆಟ್ಟಿನ ತುದಿ ಕತ್ತರಿಸುತ್ತಾರೆ. ಉಗುರಿನಷ್ಟಿರುವ ಆ ತ್ರಿಕೋನದ ಚೂರು ಸಿಂಕಿನಲ್ಲೋ ತರಕಾರಿ ಸಿಪ್ಪೆಯ ನಡುವೆಯೋ ಸೇರಿಹೋಗುತ್ತದೆ. ಪ್ಯಾಕೆಟ್ ತೊಳೆದು, ಒಣಗಿಸಿ, ಒಣಕಸದ ಚೀಲಕ್ಕೆ ಹಾಕುವಷ್ಟು ಶ್ರದ್ಧೆ ಇರುವ ಮನೆಯಲ್ಲೂ ಆ ಚೂರಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ಗೊಬ್ಬರದ ಘಟಕದಲ್ಲಿ ಅಂಥ ಚೂರುಗಳನ್ನು ಕೈಯಿಂದ ಹೆಕ್ಕುತ್ತ ಕೂರಲು ಸಾಧ್ಯವಿಲ್ಲ. ಜರಡಿಯ ಕಣ್ಣಿನಿಂದಲೂ ತಪ್ಪಿಸಿಕೊಂಡು ಅವು ಗೊಬ್ಬರದೊಡನೆ ಹೊಲ ಸೇರುತ್ತವೆ. ಇದಕ್ಕೆ ಪರಿಹಾರ ತೀರ ಸುಲಭ. ಮೂಲೆಯನ್ನು ಪೂರ್ತಿ ಕತ್ತರಿಸದೆ, ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಸ್ವಲ್ಪ ಬಿಟ್ಟು ಸೀಳಿದರಾಯಿತು.

ಬೆಂಗಳೂರಿನ ಕಸ ಬೇರ್ಪಡಿಸುವ ಆಂದೋಲನದ ಕಾರ್ಯಕರ್ತರು ಮನೆಯಿಂದ ಮನೆಗೆ ದಾಟಿಸಿದ ಸಣ್ಣಪುಟ್ಟ ಪಾಠಗಳಲ್ಲಿ ಇದೂ ಒಂದು. ಇದನ್ನು ಕೇಳಿದ ಮೇಲೂ ಬೇಕೆಂತಲೇ ಮೂಲೆ ಕತ್ತರಿಸಿ ಎಸೆಯುವವರು ಅಪರೂಪ. ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಮರುಬಳಕೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ದೊಡ್ಡ ಘಟಕಗಳ, ಕೋಟಿಗಟ್ಟಲೆ ಟೆಂಡರುಗಳ, ಕಸದಿಂದ ವಿದ್ಯುತ್ ತೆಗೆಯುವ ಯೋಜನೆಗಳ ಚರ್ಚೆ ನಡೆಯುತ್ತದೆ. ಅಡುಗೆಮನೆಯಲ್ಲಿ ನಿಂತ ಮನುಷ್ಯನಿಗೆ ಯಾರು, ಯಾವಾಗ, ಹೇಗೆ ತಿಳಿಸಬೇಕು ಎಂಬುದು ಆ ಚರ್ಚೆಯಲ್ಲಿ ಬರುವುದೇ ಇಲ್ಲ. ಬಂದರೂ ಕೊನೆಗೆ, ‘ಜಾಗೃತಿ ಮೂಡಿಸಲಾಗುವುದು’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಬೆಂಗಳೂರು ಕಸದ ಪಾಠವನ್ನು ತಾನಾಗಿ ಕಲಿಯಲಿಲ್ಲ, ಹಳ್ಳಿಗಳ ಜನ ಕಲಿಸಿದರು. ಯಲಹಂಕದ ಕಡೆಯ ಮಾವಳ್ಳಿಪುರದಲ್ಲಿ ವರ್ಷಗಟ್ಟಲೆ ಸುರಿದ ಕಸ ಅಲ್ಲಿನ ನೀರು, ನೆಲಗಳನ್ನು ಕೆಡಿಸಿತ್ತು. 2012ರಲ್ಲಿ ಆ ಭರ್ತಿ ನೆಲ ಮುಚ್ಚಿದಾಗ ರಾಜಧಾನಿಯ ಬೀದಿಬೀದಿಗಳಲ್ಲಿ ಕಸ ಕೊಳೆಯಿತು. ಆ ಹೊರೆ ಹಳೇ ಮದ್ರಾಸ್ ರಸ್ತೆಯ ಕಡೆಯ ಮಂಡೂರಿನ ಮೇಲೆ ಬಿತ್ತು. ದುರ್ನಾತ, ನೊಣ, ಕೆಟ್ಟುಹೋದ ಕೊಳವೆಬಾವಿಗಳ ನಡುವೆ ಬದುಕಿದ ಮಂಡೂರಿನವರು 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತರು. ಆ ವರ್ಷದ ಕೊನೆಗೆ ಅಲ್ಲಿಗೂ ಕಸ ಹೋಗುವುದು ನಿಂತಿತು. ದಿನಕ್ಕೆ ಸಾವಿರಾರು ಟನ್ ಕಸ ಹೊರಹಾಕುವ ಊರಿಗೆ, ಅದು ಎಲ್ಲಿ ಹೋಗಿ ಬೀಳುತ್ತದೆ ಎಂದು ಮೊದಲ ಬಾರಿಗೆ ನಿಜವಾಗಿ ಯೋಚಿಸಬೇಕಾಗಿ ಬಂತು.

ಮೂಲದಲ್ಲೇ ಕಸ ಬೇರ್ಪಡಿಸಬೇಕೆಂಬ ಕಾನೂನು ಆ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ 2000ದಲ್ಲೇ ದೇಶಕ್ಕೆ ನಗರ ಘನತ್ಯಾಜ್ಯ ನಿಯಮಗಳು ಬಂದಿದ್ದವು. 2012ರ ಅಕ್ಟೋಬರಿನಿಂದ ಬಿಬಿಎಂಪಿ ಕಸ ವಿಂಗಡಣೆಯನ್ನು ಕಡ್ಡಾಯವೆಂದು ಸಾರಿತು. ಪ್ರಕಟಣೆ ಬಂತು, ಫಲಕ ಬಂತು, ಕರಪತ್ರವೂ ಬಂತು. ಮನೆಗಳಲ್ಲಿ ಮಾತ್ರ ಗೊಂದಲ ಮುಗಿಯಲಿಲ್ಲ. ಪಿಜ್ಜಾ ಡಬ್ಬಿ ಒಣಕಸವೋ ಹಸಿಕಸವೋ? ಮಗುವಿನ ಡೈಪರ್ ಯಾವುದಕ್ಕೆ? ಟೀ ಸೋಸಿದ ಪುಡಿ, ಮೊಟ್ಟೆಯ ಚಿಪ್ಪು, ಗುಡಿಸಿದ ದೂಳು? ಉತ್ತರ ಸಿಗದ ಕಡೆ ಜನ ಹಳೆಯ ದಾರಿಯನ್ನೇ ಹಿಡಿದರು. ಎಲ್ಲವನ್ನೂ ಒಂದೇ ಕಪ್ಪು ಕವರಿಗೆ ತುರುಕಿ ಗಂಟು ಹಾಕಿದರು.

ಈ ಗೊಂದಲವನ್ನು ಬಿಡಿಸಿದ್ದು ಒಂದು ಪುಟ್ಟ ಸೂತ್ರ: ಎರಡು ಡಬ್ಬಿ, ಒಂದು ಚೀಲ. ಹಸಿರು ಡಬ್ಬಿಗೆ ಕೊಳೆಯುವ ಹಸಿಕಸ, ಕೆಂಪು ಡಬ್ಬಿಗೆ ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜಿನಂಥವು, ಚೀಲಕ್ಕೆ ಪೇಪರ್, ಪ್ಲಾಸ್ಟಿಕ್, ಗಾಜು, ಲೋಹ. ನಗರದ ಘನತ್ಯಾಜ್ಯ ದುಂಡುಮೇಜಿನ ಸ್ವಯಂಸೇವಕರು ತಮ್ಮ ತಮ್ಮ ಬಡಾವಣೆಗಳಲ್ಲಿ ಪ್ರಯೋಗ ಮಾಡಿ, ತಿದ್ದಿ, ಮತ್ತೆ ತಿದ್ದಿ ಇದನ್ನು ಹದಕ್ಕೆ ತಂದಿದ್ದರು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಇಡೀ ನಗರಕ್ಕೆ ಅನ್ವಯವಾಗುವಂತೆ ಆದೇಶಿಸಿತು. ನಾಗರಿಕರು ಅಡುಗೆಮನೆಯಲ್ಲಿ ರೂಪಿಸಿದ ಒಂದು ಅಭ್ಯಾಸ ನ್ಯಾಯಾಲಯದ ಆದೇಶವಾದ ಇಂಥ ಉದಾಹರಣೆ ನಮ್ಮ ನಗರಗಳ ಚರಿತ್ರೆಯಲ್ಲಿ ಹೆಚ್ಚು ಸಿಗಲಾರದು. ಮರುವರ್ಷ, 2016ರ ಏಪ್ರಿಲಿನಲ್ಲಿ ಬಂದ ಕೇಂದ್ರದ ಹೊಸ ನಿಯಮಗಳು ಕೂಡ ಕಸವನ್ನು ಮೂರು ಬಗೆಯಾಗಿ ಬೇರ್ಪಡಿಸುವುದನ್ನು ಎಲ್ಲ ಮನೆಗಳ ಹೊಣೆಯಾಗಿಸಿದವು.

ಈ ಸೂತ್ರದ ಬಲ ಇರುವುದು ಅದು ಎಷ್ಟನ್ನು ಬಿಟ್ಟುಕೊಟ್ಟಿದೆ ಎಂಬುದರಲ್ಲಿ. ಪ್ಲಾಸ್ಟಿಕ್ಕಿನಲ್ಲೇ ಏಳು ಸಂಕೇತ ಸಂಖ್ಯೆಗಳಿವೆ. ನೀರಿನ ಬಾಟಲಿಯದು ಒಂದು, ಶಾಂಪೂ ಬಾಟಲಿಯದು ಎರಡು, ಹಾಲಿನ ಪ್ಯಾಕೆಟ್ಟಿನದು ನಾಲ್ಕು. ಗೃಹಸ್ಥರು ಇದನ್ನೆಲ್ಲ ನೆನಪಿಟ್ಟುಕೊಳ್ಳಬೇಕೆಂದು ಸೂತ್ರ ಕೇಳುವುದಿಲ್ಲ. ಒಣಗಿದ್ದು ಒಣಗಿಯೇ ಇರಲಿ, ಒದ್ದೆಯದು ಅದಕ್ಕೆ ತಾಗದಿರಲಿ ಎಂದಷ್ಟೇ ಹೇಳುತ್ತದೆ. ಮುಂದಿನ ವಿಂಗಡಣೆಯನ್ನು ಅದನ್ನೇ ಕಸುಬಾಗಿಸಿಕೊಂಡ ಪಳಗಿದ ಕೈಗಳಿಗೆ ಬಿಡುತ್ತದೆ.

ಆ ಕೈಗಳನ್ನು ನೋಡದೆ ಮರುಬಳಕೆಯ ಪಾಠ ಪೂರ್ತಿಯಾಗುವುದಿಲ್ಲ. ನಗರ ಪಾಲಿಕೆ ಮರುಬಳಕೆ ಎಂಬ ಮಾತನ್ನಾಡುವ ಎಷ್ಟೋ ಮೊದಲೇ ಅದನ್ನು ನಡೆಸಿಕೊಂಡು ಬಂದವರು ಕಸ ಆಯುವವರು ಮತ್ತು ಗುಜರಿಯವರು. ಬೆನ್ನಿಗೆ ಚೀಲ ಹೊತ್ತು, ನಾಯಿಗಳನ್ನೂ ಬೈಗುಳಗಳನ್ನೂ ಪೊಲೀಸರ ಅನುಮಾನವನ್ನೂ ಎದುರಿಸಿ, ತಿಪ್ಪೆಯಲ್ಲಿ ಕೈಯಾಡಿಸಿ ಅವರು ಹೆಕ್ಕಿದ್ದರಿಂದಲೇ ಟನ್‌ಗಟ್ಟಲೆ ಪ್ಲಾಸ್ಟಿಕ್, ಕಾಗದ, ಲೋಹ ಕಾರ್ಖಾನೆಗೆ ಮರಳಿತು. ನಗರಕ್ಕೆ ಅದರಿಂದ ಆದ ಉಳಿತಾಯದ ಲೆಕ್ಕವನ್ನು ಯಾರೂ ಅವರ ಹೆಸರಿನಲ್ಲಿ ಬರೆದಿಡಲಿಲ್ಲ. ಲೋಕ ಅದಾಲತ್ತಿನ ಸೂಚನೆಯ ಮೇರೆಗೆ 2011ರಲ್ಲಿ ಬಿಬಿಎಂಪಿ ಅವರನ್ನು ನೋಂದಾಯಿಸಿ ಗುರುತಿನ ಚೀಟಿ ಕೊಡಲು ಆರಂಭಿಸಿದ್ದು ದೊಡ್ಡ ತಿರುವು. ಪುಣೆಯಲ್ಲಿ ಕಸ ಆಯುವ ಮಹಿಳೆಯರ ಸಂಘಟನೆಯಲ್ಲಿ ದುಡಿದು ಬಂದಿದ್ದ ನಳಿನಿ ಶೇಖರ್ ಮತ್ತು ಅವರ ಜೊತೆಗಾರರು ಕಟ್ಟಿದ ‘ಹಸಿರು ದಳ’ ಈ ಕಾರ್ಮಿಕರನ್ನು ಒಗ್ಗೂಡಿಸಿತು. ವಾರ್ಡಿಗೊಂದರಂತೆ ಒಣಕಸ ಸಂಗ್ರಹ ಕೇಂದ್ರಗಳನ್ನು ತೆರೆಯುವ ಕೆಲಸ ನಡೆದಾಗ, ಅವುಗಳಲ್ಲಿ ಹಲವನ್ನು ಒಂದು ಕಾಲಕ್ಕೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ ನಡೆಸತೊಡಗಿದರು.

ಅಂಥ ಕೇಂದ್ರವೊಂದರೊಳಗೆ ಕಾಲಿಟ್ಟವರಿಗೆ ಭಾಷಣದ ಅಗತ್ಯ ಉಳಿಯುವುದಿಲ್ಲ. ನೆಲದ ಮೇಲೆ ಗುಡ್ಡೆ ಹಾಕಿದ ಚೀಲಗಳ ಸುತ್ತ ಹೆಂಗಸರು ಕೂತು ವಿಂಗಡಿಸುತ್ತಿರುತ್ತಾರೆ. ಬಿಳಿ ಕಾಗದ ಒಂದು ಕಡೆ, ಬಣ್ಣದ ಕಾಗದ ಇನ್ನೊಂದು ಕಡೆ, ರಟ್ಟು ಮತ್ತೊಂದು ಕಡೆ. ಬಾಟಲಿಯ ಮುಚ್ಚಳ ಒಂದು ಜಾತಿ, ಬಾಟಲಿ ಇನ್ನೊಂದು ಜಾತಿ. ಕವರನ್ನು ಕೈಯಲ್ಲಿ ಹಿಸುಕಿ ಅದರ ಸದ್ದಿನಿಂದಲೇ ಯಾವ ಬಗೆಯ ಪ್ಲಾಸ್ಟಿಕ್ ಎಂದು ಹೇಳಬಲ್ಲವರು ಅವರು. ನಡುವೆ ಯಾರದೋ ಮನೆಯ ಚೀಲದಿಂದ ಹಳಸಿದ ಸಾಂಬಾರು ಸೋರಿ ಒಂದಿಡೀ ರಾಶಿ ಪೇಪರ್ ನೆನೆದುಹೋಗಿರುತ್ತದೆ. ನೆನೆದ ಕಾಗದಕ್ಕೆ ಬೆಲೆಯಿಲ್ಲ. ಪೇಪರಿನಲ್ಲಿ ಸುತ್ತದೆ ಹಾಕಿದ ಒಡೆದ ಲೋಟ ಯಾರದೋ ಅಂಗೈ ಸೀಳುತ್ತದೆ. ಬಳಸಿದ ಪ್ಯಾಡನ್ನು ಬರಿಗೈಯಲ್ಲಿ ತೆಗೆದಿಡಬೇಕಾಗುತ್ತದೆ. ಇಷ್ಟನ್ನು ಒಮ್ಮೆ ಕಣ್ಣಾರೆ ಕಂಡವರು ಮನೆಗೆ ಹೋದ ಮೇಲೆ ಮೊಸರಿನ ಡಬ್ಬಿಯನ್ನು ತೊಳೆಯದೆ ಚೀಲಕ್ಕೆ ಹಾಕುವುದು ಕಷ್ಟ. ನಗರದ ಪ್ರತಿ ಶಾಲೆ, ಪ್ರತಿ ಬಡಾವಣೆ ಸಂಘ ವರ್ಷಕ್ಕೊಮ್ಮೆಯಾದರೂ ತನ್ನ ವಾರ್ಡಿನ ಕೇಂದ್ರಕ್ಕೆ ಜನರನ್ನು ಕರೆದುಕೊಂಡು ಹೋದರೆ ಮುದ್ರಿಸಿ ಹಂಚುವ ಕರಪತ್ರಗಳಲ್ಲಿ ಅರ್ಧಕ್ಕರ್ಧ ಬೇಡವಾಗುತ್ತವೆ.

ಸ್ಯಾನಿಟರಿ ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಚುಕ್ಕೆ ಇಟ್ಟು ಕೊಡಿ ಎಂಬ ಮನವಿ ಪುಣೆಯಲ್ಲೂ ಬೆಂಗಳೂರಿನಲ್ಲೂ ಹರಡಿದ್ದು ಇಂಥ ಕಾರ್ಮಿಕರ ಸಂಕಟದಿಂದಲೇ. ಮನೆಯವರು ಬಾಯಿಬಿಟ್ಟು ಹೇಳಲು ಮುಜುಗರಪಡುವ ವಿಷಯವನ್ನು ಒಂದು ಚುಕ್ಕೆ ಹೇಳಿಬಿಡುತ್ತದೆ. ಪೊಟ್ಟಣ ಬಿಚ್ಚಬಾರದೆಂದು ಆಯುವವರಿಗೆ ದೂರದಿಂದಲೇ ತಿಳಿಯುತ್ತದೆ.

ಜನರಿಗೆ ಗೊತ್ತಿಲ್ಲ, ಆದ್ದರಿಂದ ತಿಳಿಸಬೇಕು ಎಂಬುದು ಎಲ್ಲ ಜಾಗೃತಿ ಅಭಿಯಾನಗಳ ಮೂಲ ನಂಬಿಕೆ. ಅದು ಅರ್ಧ ಸತ್ಯ. ಅಮೆರಿಕದ ಕ್ಯಾಲಿಫೋರ್ನಿಯಾದ ಲಾ ವರ್ನ್ ಎಂಬ ಊರಿನಲ್ಲಿ ಮನಃಶಾಸ್ತ್ರಜ್ಞ ವೆಸ್ಲಿ ಶುಲ್ಟ್ಸ್ ಸುಮಾರು 600 ಮನೆಗಳಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಕೆಲವು ಮನೆಗಳಿಗೆ ‘ದಯವಿಟ್ಟು ಮರುಬಳಕೆ ಮಾಡಿ’ ಎಂಬ ಮನವಿಯಷ್ಟೇ ಹೋಯಿತು. ಕೆಲವಕ್ಕೆ ಯಾವುದನ್ನು ಹೇಗೆ ಕೊಡಬೇಕೆಂಬ ವಿವರವೂ ಹೋಯಿತು. ಇನ್ನು ಕೆಲವು ಮನೆಗಳ ಬಾಗಿಲ ಹಿಡಿಗೆ ವಾರವಾರವೂ ಒಂದು ಹಾಳೆ ತೂಗಿತು. ನೀವು ಈ ವಾರ ಇಷ್ಟು ಕೊಟ್ಟಿರಿ ಎಂದೋ, ನಿಮ್ಮ ನೆರೆಹೊರೆಯವರು ಒಟ್ಟಾರೆ ಇಷ್ಟು ಕೊಟ್ಟರು ಎಂದೋ ಅದರಲ್ಲಿ ಬರೆದಿತ್ತು. ಮನವಿ, ವಿವರಗಳಿಂದ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಲೆಕ್ಕದ ಹಾಳೆ ಪಡೆದ ಮನೆಗಳು ಹೆಚ್ಚು ಕೊಡತೊಡಗಿದವು. ಡೆನ್ವರ್ ನಗರದಲ್ಲಿ ನಡೆದು 1991ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಬೀದಿಗೊಬ್ಬ ನೆರೆಯವರೇ ಮುಂದಾಳಾಗಿ ಅಕ್ಕಪಕ್ಕದವರೊಡನೆ ಮಾತಾಡಿದಾಗ, ಕೇವಲ ಕಾಗದ ಹಂಚಿದ್ದಕ್ಕಿಂತ ಹೆಚ್ಚು ಪರಿಣಾಮ ಕಂಡಿತು.

ನಮ್ಮ ಊರುಗಳಲ್ಲಿ ಆ ಬಾಗಿಲ ಹಾಳೆಯ ಕೆಲಸ ಮಾಡಬಲ್ಲವರು ದಿನವೂ ಮನೆ ಮುಂದೆ ಬರುತ್ತಾರೆ. ಆಟೊ ಟಿಪ್ಪರ್ ಹಾಡು ಹಾಕಿಕೊಂಡು ಬಂದು ನಿಂತಾಗ ಡಬ್ಬಿ ತೆಗೆದುಕೊಳ್ಳುವ ಸಹಾಯಕಿ ಒಳಗೆ ಒಮ್ಮೆ ಇಣುಕಿ, ‘ಅಕ್ಕಾ, ಇದರಲ್ಲಿ ಕವರ್ ಐತೆ, ತೆಗೆದುಕೊಡಿ’ ಎಂದರೆ ಮುಗಿಯಿತು. ಒಂದು ವಾರ ಪ್ರತಿದಿನ ಹೀಗೆ ಹೇಳಿಸಿಕೊಂಡ ಮನೆ ಎಂಟನೆಯ ದಿನ ತಾನಾಗಿ ಕವರ್ ತೆಗೆದಿಡುತ್ತದೆ. ಬೆರೆಸಿದ ಕಸವನ್ನು ತೆಗೆದುಕೊಳ್ಳದೆ ಹಿಂದಿರುಗಿಸುವ ಅಧಿಕಾರ ಆಕೆಗಿದೆ ಎಂದು ಬೀದಿಗೆಲ್ಲ ತಿಳಿದಿದ್ದರೆ ಪಾಠ ಇನ್ನೂ ಬೇಗ ನಾಟುತ್ತದೆ. ಕಷ್ಟವೆಂದರೆ, ಹಾಗೆ ಹೇಳುವ ಧೈರ್ಯ ಆಕೆಗೆ ಬರುವಂತೆ ನಮ್ಮ ವ್ಯವಸ್ಥೆ ನಡೆದುಕೊಂಡಿಲ್ಲ. ಸಂಬಳ ಸಮಯಕ್ಕೆ ಸಿಗದ, ಕೈಗವಸು ಇಲ್ಲದ, ದೊಡ್ಡ ಮನೆಯವರು ಗದರಿದರೆ ಬೆನ್ನಿಗೆ ನಿಲ್ಲುವ ಮೇಲಧಿಕಾರಿ ಇಲ್ಲದ ಹೆಂಗಸು ಯಾರ ಡಬ್ಬಿಯನ್ನು ತಾನೇ ಹಿಂದಿರುಗಿಸಿಯಾಳು? ನಾಗರಿಕ ಶಿಕ್ಷಣಕ್ಕೆಂದು ಇಟ್ಟ ಹಣದ ಮೊದಲ ಪಾಲು ಈಕೆಯ ತರಬೇತಿ, ಸುರಕ್ಷತೆ, ಮರ್ಯಾದೆಗಳಿಗೆ ಹೋಗಬೇಕು. ಹೋರ್ಡಿಂಗುಗಳ ಸರದಿ ಆಮೇಲೆ.

ಇನ್ನೊಬ್ಬರನ್ನೂ ಅಭಿಯಾನಗಳು ಮರೆಯುತ್ತವೆ. ಮಧ್ಯಮವರ್ಗದ ಬಹಳಷ್ಟು ಮನೆಗಳಲ್ಲಿ ಕಸದ ಡಬ್ಬಿಗೆ ಕೈಹಾಕುವವರು ಮನೆಯ ಒಡೆಯರಲ್ಲ, ಮನೆಗೆಲಸದವರು. ಭಾನುವಾರದ ಸಭೆಯಲ್ಲಿ ಪವರ್‌ಪಾಯಿಂಟ್ ನೋಡಿ ಚಪ್ಪಾಳೆ ತಟ್ಟಿದ ಮನೆಯೊಡತಿ ಸೋಮವಾರ ಬೆಳಿಗ್ಗೆ ಕಚೇರಿಗೆ ಹೊರಡುತ್ತಾರೆ. ಪಾತ್ರೆ ತೊಳೆದು ಸಿಂಕಿನ ಬುಟ್ಟಿ ಖಾಲಿ ಮಾಡುವಾಕೆಗೆ ಆ ಸಭೆ ನಡೆದದ್ದೇ ಗೊತ್ತಿರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ವಿಂಗಡಣೆ ಗೆದ್ದ ಕಡೆಗಳಲ್ಲಿ ಸ್ವಯಂಸೇವಕರು ಮನೆಗೆಲಸದವರನ್ನೂ ಹೌಸ್‌ಕೀಪಿಂಗ್ ಸಿಬ್ಬಂದಿಯನ್ನೂ ಪ್ರತ್ಯೇಕವಾಗಿ ಕೂರಿಸಿ, ಅವರವರ ಭಾಷೆಯಲ್ಲಿ, ನಿಜವಾದ ಕಸವನ್ನೇ ಮುಂದಿಟ್ಟು ಹೇಳಿಕೊಟ್ಟಿದ್ದಾರೆ. ಕನ್ನಡದ ಜೊತೆ ತಮಿಳು, ತೆಲುಗು, ಹಿಂದಿ, ಬಂಗಾಳಿ ಮಾತಾಡುವ ಊರಿನಲ್ಲಿ ಚಿತ್ರ ಬಿಡಿಸಿದ ಹಾಳೆಯನ್ನು ಡಬ್ಬಿಯ ಮೇಲೇ ಅಂಟಿಸುವುದು ಎಲ್ಲಕ್ಕಿಂತ ಉಪಯುಕ್ತ ಎಂಬುದನ್ನೂ ಕಂಡುಕೊಂಡಿದ್ದಾರೆ.

ತಿಳಿವಳಿಕೆಯಿಂದ ಪರಿಹಾರವಾಗದ ಸಮಸ್ಯೆಗಳೂ ಇವೆ. ಪಿಜಿಗಳಲ್ಲಿ, ಒಂಟಿ ಕೋಣೆಗಳಲ್ಲಿ ಇರುವ ಹುಡುಗ ಹುಡುಗಿಯರು ಬೆಳಗಿನ ಟಿಪ್ಪರ್ ಬರುವ ಮೊದಲೇ ಬಸ್ಸು ಹಿಡಿದಿರುತ್ತಾರೆ, ಇಲ್ಲವೇ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ. ಅವರ ಕಸ ಕವರಿನಲ್ಲಿ ಗಂಟು ಕಟ್ಟಿಸಿಕೊಂಡು ರಾತ್ರಿ ಬೀದಿ ತುದಿಯ ‘ಬ್ಲ್ಯಾಕ್ ಸ್ಪಾಟ್’ ಸೇರುತ್ತದೆ. ಅವರಿಗೆ ಹಸಿ ಒಣ ಭೇದ ಗೊತ್ತಿಲ್ಲವೆಂದಲ್ಲ, ಗೊತ್ತಿದ್ದೂ ಕೊಡಲು ದಾರಿಯಿಲ್ಲ. ಸಂಜೆಯ ಹೊತ್ತು ಒಂದು ಸುತ್ತು ಬರುವ ಗಾಡಿ ಅಥವಾ ಬೆಳಿಗ್ಗೆಯಿಂದ ರಾತ್ರಿವರೆಗೆ ತೆರೆದಿರುವ ಸಂಗ್ರಹ ಕಟ್ಟೆ ಇಂಥ ಕಡೆ ನೂರು ಭಾಷಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕಸ ಬೀಳುತ್ತಿದ್ದ ಮೂಲೆಯನ್ನು ಗುಡಿಸಿ ರಂಗೋಲಿ ಹಾಕುವ, ಗೋಡೆಗೆ ಬಣ್ಣ ಬಳಿಯುವ, ಗಿಡದ ಕುಂಡ ಇಡುವ ಪದ್ಧತಿ ಬೆಂಗಳೂರಿನಲ್ಲಿ ಬಹುಕಾಲದಿಂದ ಇದೆ. 2010ರಿಂದ ಹೆಸರು ಹೇಳಿಕೊಳ್ಳದೆ ದುಡಿಯುವ ‘ದಿ ಅಗ್ಲಿ ಇಂಡಿಯನ್’ ಗುಂಪು ಇಂಥ ಮೂಲೆಗಳನ್ನು ಸರಿಪಡಿಸಿಯೇ ಹೆಸರಾಯಿತು. ಕಸ ಕೊಡಲು ಪರ್ಯಾಯ ಏರ್ಪಾಡಿರುವ ಕಡೆ ರಂಗೋಲಿ ಉಳಿಯುತ್ತದೆ. ಇಲ್ಲದ ಕಡೆ ಕಸ ಪಕ್ಕದ ಮೂಲೆಗೆ ಸರಿಯುತ್ತದೆ.

ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿಕಸ. ಅದು ಮನೆಯಲ್ಲೇ ಉಳಿದುಬಿಟ್ಟರೆ ಲಾರಿಯ ಹೊರೆ ಅರ್ಧವಾಗುತ್ತದೆ, ಒಣಕಸವೂ ಚೊಕ್ಕಟವಾಗಿರುತ್ತದೆ. ಭರ್ತಿ ನೆಲದಲ್ಲಿ ಗಾಳಿಯಾಡದೆ ಕೊಳೆತ ಹಸಿಕಸ ಮೀಥೇನ್ ಅನಿಲವನ್ನೂ ನೆಲದ ನೀರನ್ನು ಕೆಡಿಸುವ ಕಪ್ಪು ರಸವನ್ನೂ ಬಿಡುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ಮಡಕೆಯಲ್ಲಿ ಒಂದೂವರೆ ಎರಡು ತಿಂಗಳಲ್ಲಿ ಮಣ್ಣಿನ ವಾಸನೆಯ ಗೊಬ್ಬರವಾಗುತ್ತದೆ. ಪೂನಂ ಬೀರ್ ಕಸ್ತೂರಿ 2006ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಡೈಲಿ ಡಂಪ್’ ಒಂದರ ಮೇಲೊಂದು ಕೂರುವ ಸುಟ್ಟಮಣ್ಣಿನ ಮಡಕೆಗಳನ್ನು ಅಪಾರ್ಟ್‌ಮೆಂಟಿನ ಬಾಲ್ಕನಿಗೆ ತಂದಿತು. ಹಿತ್ತಿಲಲ್ಲಿ ತಿಪ್ಪೆಗುಂಡಿ ಇದ್ದ ತಲೆಮಾರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹತ್ತನೆಯ ಮಹಡಿಯಲ್ಲಿ ಹುಟ್ಟಿ ಬೆಳೆದವರಿಗೆ ಎಲ್ಲವೂ ಹೊಸದು.

ಗೊಬ್ಬರ ಮಾಡಲು ಹೊರಟವರು ಕೈಬಿಡುವುದು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ವಾರ. ಮುಚ್ಚಳ ತೆಗೆದರೆ ಗಬ್ಬು ವಾಸನೆ, ಒಳಗೆ ಬಿಳಿ ಹುಳುಗಳು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಹೊರಗೆಸೆಯಿರಿ ಎನ್ನುತ್ತಾರೆ. ಆ ಗಳಿಗೆಯಲ್ಲಿ ಪುಸ್ತಕ ಕೆಲಸಕ್ಕೆ ಬರುವುದಿಲ್ಲ, ಪಕ್ಕದ ಮನೆಯ ಅನುಭವಸ್ಥರು ಬೇಕಾಗುತ್ತಾರೆ. ವಾಸನೆ ಬಂದರೆ ನೀರು ಹೆಚ್ಚಾಗಿದೆ, ಗಾಳಿ ಕಡಿಮೆಯಾಗಿದೆ ಎಂದರ್ಥ. ಒಣ ಎಲೆ, ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು ಬೆರೆಸಿ ಒಮ್ಮೆ ಕೆದಕಿದರೆ ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಹುಳುಗಳು ಗೊಬ್ಬರವಾಗುವುದಕ್ಕೇ ನೆರವಾಗುತ್ತವೆ, ಅವುಗಳಿಂದ ಅಪಾಯವಿಲ್ಲ. ಗೊಬ್ಬರ ನಿಧಾನವಾದರೆ ಒಂದು ಲೋಟ ಹುಳಿ ಮಜ್ಜಿಗೆಯೋ ಸ್ವಲ್ಪ ಸಗಣಿ ನೀರೋ ಸಾಕು. ಹೀಗೆ ಹೇಳಿಕೊಡುವ ನೆರೆಯವರ ಜಾಲವೇ ಬೆಂಗಳೂರಿನ ನಿಜವಾದ ಸಂಪತ್ತು. ಮಲ್ಲೇಶ್ವರದ ತಮ್ಮ ತಾರಸಿಯಿಂದ ಆರಂಭಿಸಿ ಸಾವಿರಾರು ಜನರಿಗೆ ಗೊಬ್ಬರದ ಹುಚ್ಚು ಹಿಡಿಸಿದ ವಾಣಿ ಮೂರ್ತಿ, ಎರೆಹುಳುವಿನ ಮೇಲಿನ ಪ್ರೀತಿಯಿಂದ ‘ವರ್ಮ್ ರಾಣಿ’ ಎಂದೇ ಹೆಸರಾಗಿದ್ದಾರೆ. ವಾರ್ಡುಗಳಲ್ಲಿ ನಡೆದ ‘ಕಾಂಪೋಸ್ಟ್ ಸಂತೆ’ಗಳಲ್ಲಿ ಮಡಕೆ, ಡ್ರಮ್ಮು, ಎರೆಗೊಬ್ಬರ ಎಲ್ಲವನ್ನೂ ಜನ ಮುಟ್ಟಿ ನೋಡಿ, ಮೂಸಿ ನೋಡಿ, ಚೌಕಾಸಿ ಮಾಡಿ ಕೊಂಡರು. ಎಚ್‌ಎಸ್‌ಆರ್ ಬಡಾವಣೆಯ ‘ಸ್ವಚ್ಛಾಗ್ರಹ ಕಲಿಕಾ ಕೇಂದ್ರ’ದಲ್ಲಿ ಬಗೆಬಗೆಯ ಗೊಬ್ಬರದ ತೊಟ್ಟಿಗಳನ್ನು ಸಾಲಾಗಿ ನಿಲ್ಲಿಸಲಾಗಿದೆ. ಸ್ವಯಂಸೇವಕರು ಒಂದೊಂದನ್ನೂ ತೆರೆದು ತೋರಿಸಿ ವಿವರಿಸುತ್ತಾರೆ. ಗೊಬ್ಬರಕ್ಕೆ ವಾಸನೆಯಿರುತ್ತದೆ ಎಂಬ ಭಯ ಅಲ್ಲಿ ಒಂದು ಹಿಡಿ ಕರಿ ಗೊಬ್ಬರವನ್ನು ಮೂಸಿದಾಗಲೇ ಹೋಗುತ್ತದೆ.

ಇದು ಬೆಂಗಳೂರಿನ ಕಥೆ ಮಾತ್ರವಲ್ಲ. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ 73 ನಗರಗಳ ನಡುವೆ ಮೊದಲ ಸ್ಥಾನ ಪಡೆದ ಮೈಸೂರಿನಲ್ಲಿ ಕುಂಬಾರಕೊಪ್ಪಲಿನ ಕಸ ಘಟಕ ಬಹಳ ಮೊದಲೇ ಮಾದರಿಯಾಗಿತ್ತು. ನಾಗರಿಕರ ಒಕ್ಕೂಟ ಮತ್ತು ಸ್ತ್ರೀಶಕ್ತಿ ಸಂಘದ ಮಹಿಳೆಯರು ಮನೆಮನೆಗೆ ಹೋಗಿ ತಿಳಿಹೇಳಿ, ಕಸ ತಂದು, ಹಸಿಯನ್ನು ಗೊಬ್ಬರ ಮಾಡಿ, ಒಣದನ್ನು ಮಾರಿ ಘಟಕ ನಡೆಸಿದರು. ಹೇಳುವವರೂ ಒಯ್ಯುವವರೂ ಒಬ್ಬರೇ ಆಗಿದ್ದುದರಿಂದ ಹೇಳಿದ ಮಾತಿಗೆ ತೂಕ ಬಂತು. ಕುಂದಾಪುರದ ಕಡೆಯ ವಂಡ್ಸೆ ಗ್ರಾಮ ಪಂಚಾಯಿತಿಯಲ್ಲೂ ಹೆಂಗಸರು ಮನೆ, ಅಂಗಡಿಗಳಿಂದ ಕಸ ತಂದು ಬಗೆಬಗೆಯಾಗಿ ವಿಂಗಡಿಸುವ ಕೇಂದ್ರ ಬೇರೆ ಪಂಚಾಯಿತಿಯವರು ಬಂದು ನೋಡಿ ಕಲಿಯುವ ಜಾಗವಾಯಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯಿತಿಗಳ ಒಣಕಸವನ್ನು ಒಟ್ಟುಗೂಡಿಸಿ ವಿಂಗಡಿಸುವ ಘಟಕ ಎದ್ದಿತು. ಒಂದು ಹಳ್ಳಿಯ ಒಣಕಸ ಮಾರಿದರೆ ಗಾಡಿಯ ಡೀಸೆಲ್ಲಿಗೂ ಸಾಲದು, ಹತ್ತಾರು ಹಳ್ಳಿಗಳದು ಕೂಡಿದರೆ ವ್ಯಾಪಾರ ಕುದುರುತ್ತದೆ ಎಂಬ ಸರಳ ಲೆಕ್ಕ ಇದರ ಹಿಂದಿದೆ.

ಇಂದು ರಾಜ್ಯದ ಹಳ್ಳಿ ರಸ್ತೆಗಳಲ್ಲಿ ಓಡಾಡುವ ‘ಸ್ವಚ್ಛವಾಹಿನಿ’ಗಳನ್ನು ಬಹಳ ಕಡೆ ಓಡಿಸುವವರು ಸ್ವಸಹಾಯ ಸಂಘದ ಮಹಿಳೆಯರು. ಡ್ರೈವಿಂಗ್ ಕಲಿತು, ಲೈಸೆನ್ಸ್ ಪಡೆದು, ತಮ್ಮದೇ ಊರಿನ ಬೀದಿಗಳಲ್ಲಿ ಗಾಡಿ ನಿಲ್ಲಿಸಿ ಅವರು ಕಸ ಕೇಳುತ್ತಾರೆ. ಊರಿನವರ ಮಾವ, ಅತ್ತೆ, ಅಕ್ಕ, ತಂಗಿಯರನ್ನೆಲ್ಲ ಬಲ್ಲ ಹೆಣ್ಣುಮಗಳು, ‘ಯಾಕತ್ತೆ, ನಿನ್ನೆ ಹೇಳಿದ್ದೆನಲ್ಲ’ ಎಂದಾಗ ಬೆರೆಸಿದ ಕಸವನ್ನು ಮತ್ತೆ ಕೊಡಲು ಯಾರಿಗಾದರೂ ನಾಚಿಕೆಯಾಗುತ್ತದೆ. ಹೊರಗಿನಿಂದ ಬಂದ ಅಧಿಕಾರಿಯ ಆದೇಶಕ್ಕೆ ಇಲ್ಲದ ಬಲ ಆ ಸಲಿಗೆಗೆ ಇದೆ.

ಈ ಕೆಲಸ ಆಗದಿದ್ದರೆ ಏನಾಗುತ್ತದೆ ಎಂಬುದನ್ನು 2019ರ ಆಗಸ್ಟಿನಲ್ಲಿ ಮಂಗಳೂರು ಕಂಡಿತು. ಪಚ್ಚನಾಡಿಯಲ್ಲಿ ವರ್ಷಗಟ್ಟಲೆ ಪೇರಿಸಿದ ಕಸದ ಗುಡ್ಡ ಮಳೆಗೆ ಕುಸಿದು ಕೆಳಗಿನ ಮಂದಾರ ಪ್ರದೇಶಕ್ಕೆ ಹರಿಯಿತು. ಮನೆಗಳೂ ಅಡಕೆ ತೋಟಗಳೂ ಅದರಡಿ ಹೂತುಹೋದವು. ಅಲ್ಲಿಯ ಕುಟುಂಬಗಳು ಮನೆ ಬಿಟ್ಟು ಹೊರಟವು.

ದಂಡ ಹಾಕಿದರೆ ಜನ ಕಲಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ಕಂಪನಿ ‘ಕಸ ಸುರಿಯುವ ಹಬ್ಬ’ ನಡೆಸಿತು. ರಸ್ತೆಯಲ್ಲಿ ಕಸ ಎಸೆದವರನ್ನು ಗುರುತಿಸಿ, ಅವರ ಮನೆ ಮುಂದೆಯೇ ಕಸ ಸುರಿದು ದಂಡ ವಸೂಲಿ ಮಾಡಿತು. ವಿಡಿಯೊಗಳು ಊರೆಲ್ಲ ಓಡಾಡಿದವು. ಬೇಕೆಂದೇ ಬೈಕಿನಲ್ಲಿ ಬಂದು ಕೆರೆಯಂಗಳಕ್ಕೆ ಕಸದ ಗಂಟು ಎಸೆದು ಹೋಗುವವರಿಗೆ ದಂಡ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಮುಂದೆ ಕಸ ಸುರಿಸಿಕೊಂಡು ಅವಮಾನಗೊಂಡವರು ಮುಂದಿನ ಸಲ ಇನ್ನಷ್ಟು ಕತ್ತಲಲ್ಲಿ, ಇನ್ನಷ್ಟು ದೂರ ಹೋಗಿ ಎಸೆಯುವುದನ್ನು ಕಲಿಯಬಹುದು. ಹಸಿರು ಡಬ್ಬಿಗೆ ಏನು ಹಾಕಬೇಕೆಂಬುದು ಅವರಿಗೆ ಆಗಲೂ ತಿಳಿದಿರುವುದಿಲ್ಲ. ದಂಡದ ರಸೀದಿಯ ಜೊತೆಗೆ ಟಿಪ್ಪರ್ ಬರುವ ಹೊತ್ತು, ಹತ್ತಿರದ ಒಣಕಸ ಕೇಂದ್ರದ ವಿಳಾಸ ಮತ್ತು ಹತ್ತು ನಿಮಿಷದ ಮಾತು ಕೊಟ್ಟರೆ ಆ ರಸೀದಿಗೆ ಬೆಲೆ ಬರುತ್ತದೆ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಇನ್ನೊಂದು. ‘ನಾವು ಬೇರೆ ಮಾಡಿ ಕೊಟ್ಟರೂ ಅವರು ಗಾಡಿಯಲ್ಲಿ ಒಟ್ಟಿಗೇ ಸುರೀತಾರೆ, ಮತ್ಯಾಕೆ ಮಾಡಬೇಕು?’ ಕಸದ ಸಭೆಗಳಲ್ಲಿ ಈ ಮಾತು ಬರದೇ ಇರುವುದಿಲ್ಲ, ಮತ್ತು ಅನೇಕ ಬಾರಿ ಅದು ನಿಜವೂ ಹೌದು. ಒಮ್ಮೆ ಕಣ್ಣೆದುರೇ ಎರಡು ಡಬ್ಬಿ ಒಂದೇ ಗಾಡಿಯಲ್ಲಿ ಬೆರೆತದ್ದನ್ನು ಕಂಡ ಮನೆಯವರನ್ನು ಮತ್ತೆ ಒಪ್ಪಿಸುವುದು ಹೊಸಬರಿಗೆ ಕಲಿಸುವುದಕ್ಕಿಂತ ಕಷ್ಟ. 2017ರಿಂದ ಸತತ ಏಳು ವರ್ಷ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲಿಗನಾದ ಇಂದೋರ್ ಈ ಗಂಟನ್ನು ಬಿಡಿಸಿದ ರೀತಿ ಗಮನಿಸಬೇಕಾದದ್ದು. ಗಾಡಿಯಲ್ಲೇ ಬೇರೆ ಬೇರೆ ಕಸಕ್ಕೆ ಬೇರೆ ಬೇರೆ ಖಾನೆಗಳನ್ನು ಮಾಡಿಸಿತು. ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು ಗಾಡಿಗಳ ಜೊತೆಗೇ ಬೀದಿಬೀದಿ ಸುತ್ತಿ ಮನೆಯವರಿಗೆ ತಿಳಿಹೇಳಿದರು. ಪಾಠ ಹೇಳುವುದು ಮತ್ತು ಕಸ ಒಯ್ಯುವುದು ಅಲ್ಲಿ ಒಂದೇ ಕೆಲಸವಾಯಿತು. ನಮ್ಮಲ್ಲಿ ಕಸ ಒಯ್ಯುವುದು ಗುತ್ತಿಗೆದಾರರದು, ಜಾಗೃತಿ ಇನ್ಯಾವುದೋ ವಿಭಾಗದ್ದು, ದಂಡ ಮಾರ್ಷಲ್‌ಗಳದು. ಮನೆಯವರಿಗೆ ಈ ಮೂವರೂ ಮೂರು ಬೇರೆ ಮಾತು ಹೇಳುತ್ತಾರೆ.

ಮಕ್ಕಳಿಂದ ಬದಲಾವಣೆ ಆರಂಭಿಸೋಣ ಎಂಬ ಸಲಹೆಯೂ ಆಗಾಗ ಬರುತ್ತದೆ. ಶಾಲೆಯಲ್ಲಿ ಕಲಿತ ಮಗು ಮನೆಯಲ್ಲಿ ಅಪ್ಪನ ಕೈಯಿಂದ ಚಿಪ್ಸ್ ಪ್ಯಾಕೆಟ್ ಕಿತ್ತು ಚೀಲಕ್ಕೆ ಹಾಕುವುದು ಸಂತೋಷದ ದೃಶ್ಯವೇ. ಆದರೆ ಆ ಪ್ಯಾಕೆಟ್ ಹಲವು ಪದರಗಳ ಪ್ಲಾಸ್ಟಿಕ್ಕಿನದು, ಅದನ್ನು ಮತ್ತೆ ಪ್ಯಾಕೆಟ್ ಮಾಡಲಾಗದು, ಬಹುತೇಕ ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಇಂಧನವಾಗಿ ಉರಿಯುತ್ತದೆ ಎಂಬುದನ್ನೂ ಮಗುವಿಗೆ ಹೇಳಬೇಕು. ಚೀಲಕ್ಕೆ ಹಾಕಿದ್ದೆಲ್ಲ ಮರುಬಳಕೆಯಾಗುತ್ತದೆಂಬ ನೆಮ್ಮದಿಯನ್ನು ಮಾತ್ರ ಕಲಿಸಿದರೆ ಕೊಳ್ಳುವುದು ಕಡಿಮೆಯಾಗುವುದಿಲ್ಲ. ಸ್ಟೀಲ್ ತಟ್ಟೆ, ಲೋಟಗಳನ್ನು ಬಡಾವಣೆಯ ಸಂಘವೇ ಇಟ್ಟುಕೊಂಡು ಹುಟ್ಟುಹಬ್ಬ, ಗೃಹಪ್ರವೇಶಗಳಿಗೆ ಎರವಲು ಕೊಡುವ ‘ಪಾತ್ರೆ ಬ್ಯಾಂಕು’ಗಳು ಬೆಂಗಳೂರಿನಲ್ಲಿ ಹಲವಿವೆ. ವಿಂಗಡಿಸಬೇಕಾದ ಕಸವನ್ನೇ ಹುಟ್ಟಲು ಬಿಡದ ಇಂಥ ಏರ್ಪಾಡಿಗೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ.

ಬಿಬಿಎಂಪಿ ಹೋಗಿ, 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ಹೊಸ ಪಾಲಿಕೆಗಳೂ ಬಂದಿವೆ. ಹೊಸ ಕಚೇರಿಗಳು ಹೊಸ ಅಭಿಯಾನಗಳನ್ನು ಸಾರುವುದು ಖಚಿತ. ಅವು ಹೋರ್ಡಿಂಗುಗಳ ಬಜೆಟ್ಟಿಗೆ ಸಹಿ ಹಾಕುವ ಮೊದಲು ಪ್ರತಿ ಟಿಪ್ಪರಿಗೆ ತರಬೇತಿ ಪಡೆದ, ಸರಿಯಾದ ಸಂಬಳ ಸಿಗುವ ಒಬ್ಬ ಸಹಾಯಕಿಯನ್ನು, ಪ್ರತಿ ವಾರ್ಡಿಗೆ ಜನ ಒಳಹೊಕ್ಕು ನೋಡಬಹುದಾದ ಒಂದು ಒಣಕಸ ಕೇಂದ್ರವನ್ನು ಖಚಿತಪಡಿಸಲಿ. ತಿಂಗಳಿಗೊಮ್ಮೆ ಬೀದಿಯ ಲೆಕ್ಕವನ್ನು ಬೀದಿಯವರಿಗೇ ತಿಳಿಸಲಿ. ಓದುಗರು ಮಾಡಬಹುದಾದದ್ದೂ ಇದೆ. ನಿಮ್ಮ ವಾರ್ಡಿನ ಒಣಕಸ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ, ಈ ಶನಿವಾರವೇ ಅರ್ಧ ಗಂಟೆ ಅಲ್ಲಿಗೆ ಹೋಗಿ ಬನ್ನಿ. ಹೋಗುವಾಗ ಪಕ್ಕದ ಮನೆಯವರನ್ನೂ, ನಿಮ್ಮ ಮನೆಯ ಕಸದ ಡಬ್ಬಿ ಯಾರ ಕೈಯಲ್ಲಿದೆಯೋ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.